ಸಂಬಳ ನಿಂತ ಮೇಲೆ ಮೂರು ಕಾರ್ಡಿನ ಸಾಲ ಇಳಿಸಿದ ಬಗೆ

ಸಾಲಕ್ಕೆ ಕಂತು ಮಾಡಿಕೊಡಿ ಎಂದು ಬ್ಯಾಂಕಿಗೇ ಪತ್ರ ಬರೆಯುತ್ತೇನೆ ಎಂದಾಗ ‘ಬ್ಯಾಂಕಿನವರು ಪತ್ರಕ್ಕೆಲ್ಲಾ ಬಗ್ಗಲ್ಲ, ಸೆಟಲ್‌ಮೆಂಟ್ ಕಂಪನಿಗೆ ಕೊಟ್ಟು ಸುಮ್ನಿರು’ ಎಂದವರೇ ಹೆಚ್ಚು. ಸೆಟಲ್‌ಮೆಂಟ್ ಎಂದರೆ ಬಾಕಿಗಿಂತ ಕಡಿಮೆ ಮೊತ್ತಕ್ಕೆ ರಾಜಿ ಮಾಡಿ ಸಾಲ ಮುಗಿಸುವುದು. ಈಗ ಮೂರು ಕಾರ್ಡುಗಳಲ್ಲಿ ಎರಡು ಮುಗಿದಿವೆ, ಮೂರನೆಯದು ಕಂತಿನಲ್ಲಿ ನಡೆಯುತ್ತಿದೆ, ಮಧ್ಯವರ್ತಿಗೆ ಒಂದು ರೂಪಾಯಿಯೂ ಹೋಗಿಲ್ಲ. ಕಾರ್ಡಿನ ಸ್ಟೇಟ್‌ಮೆಂಟ್ ಓದಲು ಬರುವವರಿಗೆ ಈ ಬರಹ. ಬಿಲ್ಲಿಂಗ್ ಸೈಕಲ್ ಅಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಕೆಲಸ ಹೋದಾಗ ಸಣ್ಣ ಕಾರ್ಡಿನಲ್ಲಿ 38 ಸಾವಿರ, ನಡುವಿನದರಲ್ಲಿ 1.6 ಲಕ್ಷ, ದೊಡ್ಡದರಲ್ಲಿ 4.4 ಲಕ್ಷ ಬಾಕಿ ಇತ್ತು. ಹೆಚ್ಚುಕಮ್ಮಿ ಅಷ್ಟೇ. ದೊಡ್ಡದಕ್ಕೆ ತಿಂಗಳಿಗೆ ಶೇ. 3.75 ಬಡ್ಡಿ, ಅಂದರೆ 16,500. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಇನ್ನೊಂದು 2,970. ಮಿನಿಮಮ್ ಡ್ಯೂ 22 ಸಾವಿರದ ಆಸುಪಾಸು. ಅಷ್ಟು ಕಟ್ಟಿದರೂ ಅಸಲು ಕರಗುವುದು ಎರಡೂವರೆ ಸಾವಿರ. ಉಳಿತಾಯದ ದುಡ್ಡಿನಲ್ಲಿ ಮಿನಿಮಮ್ ಕಟ್ಟುತ್ತಾ ಕೂತರೆ ಆರು ತಿಂಗಳಲ್ಲಿ ಉಳಿತಾಯ ಖಾಲಿ, ಸಾಲ ಇದ್ದಲ್ಲೇ. ಇಷ್ಟು ಬಡ್ಡಿ ಕಾನೂನುಬಾಹಿರ ಎಂದು ವಾದಿಸಿಯೂ ಫಲವಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಶೇ. 30ರ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ.

ದೊಡ್ಡ ಕಾರ್ಡೂ ಸಂಬಳದ ಖಾತೆಯೂ ಒಂದೇ ಬ್ಯಾಂಕಿನವು. ಇಂಥ ಕಡೆ ಕಾರ್ಡ್ ಬಾಕಿಗೆ ಉಳಿತಾಯ ಖಾತೆಯ ಹಣವನ್ನೇ ಹಿಡಿಯುವ ಹಕ್ಕನ್ನು ಬ್ಯಾಂಕು ಅರ್ಜಿಯ ಷರತ್ತಿನಲ್ಲೇ ಬರೆಸಿಕೊಂಡಿರುತ್ತದೆ. ಆದ್ದರಿಂದ ಯಾರ ಜೊತೆಗೂ ಮಾತು ಶುರು ಮಾಡುವ ಮೊದಲು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಬಾಡಿಗೆ, ಸ್ಕೂಲ್ ಫೀಸು, ದಿನಸಿಯ ದುಡ್ಡನ್ನು ಅಲ್ಲಿಗೆ ಸಾಗಿಸಿ, ಕಾರ್ಡಿನ ಆಟೋ ಡೆಬಿಟ್ ತೆಗೆಸಿದ್ದು. ಪಿಎಫ್ ಮುಟ್ಟಲಿಲ್ಲ. ಆ ಹಣವನ್ನು ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ, ಅದನ್ನು ತೆಗೆದು ಖಾತೆಗೆ ಹಾಕಿದ ಕೂಡಲೇ ಆ ರಕ್ಷಣೆಯ ಮೇಲೆ ಭರವಸೆ ಇಡಲಾಗದು.

ಸಣ್ಣ ಕಾರ್ಡನ್ನು ನೋಟಿಸ್ ಅವಧಿಯ ಹಣದಲ್ಲಿ ಪೂರ್ತಿ ತೀರಿಸಿ ಮುಚ್ಚಿಸಿದೆ. ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಇಮೇಲಿನಲ್ಲಿ ಆ ಒಂದು ಸಾಲು ಸೇರಿಸಿದರೆ ‘ರಿವಾರ್ಡ್ ಪಾಯಿಂಟ್ ಕೊಡ್ತೀವಿ, ಇಟ್ಕೊಳ್ಳಿ ಸರ್’ ಎಂಬ ಕರೆಗಳು ನಿಲ್ಲುತ್ತವೆ.

ಇನ್ನು ದೊಡ್ಡದು. ಇಲ್ಲಿ ಕೆಲಸ ಮಾಡಿದ್ದು ಒಂದೇ ಪುಟದ ಪತ್ರ. ಮೇಲೆ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಆದಾಯ ನಿಂತ ದಿನಾಂಕ. ಕೆಳಗೆ ಮನೆಯ ತಿಂಗಳ ಖರ್ಚಿನ ಪಟ್ಟಿ, ಕೈಗೆ ಬರುತ್ತಿರುವ ಫ್ರೀಲಾನ್ಸ್ ಹಣ, ಕೊನೆಗೆ ಒಂದೇ ಒಂದು ಅಂಕಿ: ತಿಂಗಳಿಗೆ 12 ಸಾವಿರ ಕಟ್ಟಬಲ್ಲೆ, ಅಷ್ಟಕ್ಕೆ ಕೂರುವಂತೆ ಕಂತು ಮಾಡಿಕೊಡಿ. ಜೊತೆಗೆ ರಿಲೀವಿಂಗ್ ಲೆಟರ್, ಕೊನೆಯ ಪೇಸ್ಲಿಪ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಕಷ್ಟದ ಕಥೆ ಒಂದು ಸಾಲೂ ಬೇಡ. ಓದುವವನಿಗೆ ಬೇಕಾದದ್ದು ಮೇಲಧಿಕಾರಿಗೆ ಕಳಿಸಬಹುದಾದ ಅಂಕಿ.

ಫೋನಿನಲ್ಲಿ ಇದು ಆಗುವುದಿಲ್ಲ, ಎಷ್ಟು ನಯವಾಗಿ ಕೇಳಿದರೂ ಆಗುವುದಿಲ್ಲ. ಕರೆ ಮಾಡುವ ಹುಡುಗನ ಪರದೆಯಲ್ಲಿ ಇರುವ ಆಫರ್ ಬಿಟ್ಟು ಬೇರೆ ಕೊಡಲು ಅವನಿಗೆ ಅಧಿಕಾರವಿಲ್ಲ. ಕಸ್ಟಮರ್ ಕೇರ್ ಇಮೇಲಿಗೂ ಅಚ್ಚು ಹಾಕಿದ ಉತ್ತರವೇ ಬರುತ್ತದೆ. ಆದರೂ ಅದನ್ನು ದಾಟಿಯೇ ಹೋಗಬೇಕು, ಅಲ್ಲಿನ ದೂರು ಸಂಖ್ಯೆ ಇಲ್ಲದೆ ನೋಡಲ್ ಅಧಿಕಾರಿಯ (ದೂರು ನೋಡುವ ಬ್ಯಾಂಕಿನ ಮೇಲಧಿಕಾರಿಯ) ಕಚೇರಿ ಪತ್ರವನ್ನು ಮುಟ್ಟುವುದಿಲ್ಲ. ಅಧಿಕಾರಿಗೆ ಇಮೇಲ್ ಜೊತೆ ರಿಜಿಸ್ಟರ್ಡ್ ಪೋಸ್ಟೂ ಹೋಯಿತು.

ಮೊದಲು ಬಂದ ಆಫರ್ 24 ತಿಂಗಳು, ಶೇ. 18. ಲೆಕ್ಕ ಹಾಕಿದರೆ ಕಂತು ಸುಮಾರು 22 ಸಾವಿರ, ಅದೇ ಮಿನಿಮಮ್ ಡ್ಯೂ ಮೊತ್ತ. ಒಪ್ಪಿದ್ದರೆ ಎರಡನೇ ತಿಂಗಳಲ್ಲೇ ಕಂತು ತಪ್ಪುತ್ತಿತ್ತು, ಮುರಿದ ಒಪ್ಪಂದದ ಮೇಲೆ ಇನ್ನೊಂದು ಕೇಳುವುದು ಬಹಳ ಕಷ್ಟ. ಅದೇ ಪುಟವನ್ನು, ಅದೇ 12 ಸಾವಿರವನ್ನು ಮತ್ತೆ ಕಳಿಸಿದೆ. ಅಂಕಿ ಬದಲಿಸಿದರೆ ಮೊದಲಿನದು ಸುಳ್ಳು ಎಂದಾಗುತ್ತದೆ. ಕೊನೆಗೆ 48 ತಿಂಗಳು, ಶೇ. 15ಕ್ಕೆ ಬಂದು ನಿಂತಿತು. ಕಂತು 12,250. ಬಡ್ಡಿ ಭಾಗದ ಮೇಲೆ ಜಿಎಸ್‌ಟಿ ಬೇರೆ: ಮೊದಲ ತಿಂಗಳ ಬಡ್ಡಿ 5,500 ಆದ್ದರಿಂದ ಅದಕ್ಕೆ 990 ಸೇರಿ 13,200ಕ್ಕೆ ಹತ್ತಿರ. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ. ಪ್ರೊಸೆಸಿಂಗ್ ಶುಲ್ಕ, ಮುಂಚಿತವಾಗಿ ತೀರಿಸಿದರೆ ದಂಡ ಎಷ್ಟು, ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲಿ ‘ರಿಸ್ಟ್ರಕ್ಚರ್ಡ್’ (ಸಾಲದ ಷರತ್ತು ಬದಲಾಗಿದೆ) ಎಂದು ಬರುತ್ತದೆಯೇ ಎಂಬ ಮೂರನ್ನೂ ಬರಹದಲ್ಲೇ ಕೇಳಿ.

ಈ ಮಾತುಕತೆ 90 ದಿನದೊಳಗೆ ಮುಗಿಯಬೇಕು. ಡ್ಯೂ ಡೇಟಿನಿಂದ 90 ದಿನದಲ್ಲಿ ಮಿನಿಮಮ್ ಪೂರ್ತಿ ಬರದಿದ್ದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ನಡುವೆ ಐದೈದು ಸಾವಿರ ಕಟ್ಟಿದರೆ ಮನಸ್ಸಿದೆ ಎಂದು ತೋರುತ್ತದೆ, ಆದರೆ ಆ ಎಣಿಕೆ ನಿಲ್ಲುವುದಿಲ್ಲ.

ನಡುವಿನ ಕಾರ್ಡಿನ ಬ್ಯಾಂಕು ಕಂತಿಗೆ ಒಪ್ಪಲೇ ಇಲ್ಲ. ಹೊಸ ಬ್ಯಾಲೆನ್ಸ್ ಟ್ರಾನ್ಸ್‌ಫರ್‌ಗೆ (ಬಾಕಿಯನ್ನು ಬೇರೆ ಬ್ಯಾಂಕಿನ ಕಾರ್ಡಿಗೆ ಸಾಗಿಸುವುದಕ್ಕೆ) ಅರ್ಜಿ ಹಾಕಿ ನೋಡಿದ್ದೂ ಆಯಿತು, ಆದಾಯದ ಪುರಾವೆಯಿಲ್ಲದೆ ಅದು ಹುಟ್ಟುವುದಿಲ್ಲ, ಸಿಬಿಲ್‌ನಲ್ಲಿ ಒಂದು ಎನ್‌ಕ್ವೈರಿ ಹೆಚ್ಚಾಯಿತು ಅಷ್ಟೇ. ಹಾಗಾಗಿ ಇದೊಂದನ್ನು ಸೆಟಲ್‌ಮೆಂಟ್‌ಗೆ ಬಿಟ್ಟೆ. 90 ದಿನ ದಾಟಿದ ಮೇಲೆ ಮೊದಲು 1.35 ಲಕ್ಷ ಕೇಳಿದರು. 88 ಸಾವಿರಕ್ಕೆ, ಮೂರು ಕಂತಿನಲ್ಲಿ ಮುಗಿಯಿತು. ತಿಂಗಳ ಕೊನೆಯ ವಾರ, ಅದರಲ್ಲೂ ತ್ರೈಮಾಸಿಕದ ಕೊನೆಯಲ್ಲಿ ಅಂಕಿ ಸಡಿಲವಾಗುತ್ತದೆ. ನಾನು ಯಾವ ಅಂಕಿಯಿಂದ ಶುರು ಮಾಡಿದೆ, ಎಷ್ಟೆಷ್ಟು ಏರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವಸೂಲಿಯವರೂ ಓದುತ್ತಾರೆ.

‘ಇವತ್ತು ಕಟ್ಟಿ ಸರ್, ಲೆಟರ್ ನಾಳೆ ಬರುತ್ತೆ’ ಎಂದರೆ ಉತ್ತರ ಒಂದೇ: ‘ಲೆಟರ್ ಬಂದ ಮೇಲೆ ಕಟ್ತೀನಿ.’ ಪತ್ರ ಬ್ಯಾಂಕಿನ ಸ್ವಂತ ಇಮೇಲ್ ವಿಳಾಸದಿಂದ ಬರಬೇಕು. ಅದರಲ್ಲಿ ಒಟ್ಟು ಬಾಕಿ, ಒಪ್ಪಿದ ಮೊತ್ತ, ಪ್ರತಿ ಕಂತಿನ ದಿನಾಂಕ, ಉಳಿದದ್ದನ್ನು ಮನ್ನಾ ಮಾಡುವ ಮಾತು ಇರಬೇಕು. ಕಾರ್ಡಿನ ಹಿಂದಿರುವ ನಂಬರಿಗೆ ಕರೆ ಮಾಡಿ ಪತ್ರ ನಿಜವೇ ಎಂದು ಕೇಳಿ, ಬ್ಯಾಂಕಿನ ಜಾಲತಾಣದಿಂದಲೇ ಕಾರ್ಡ್ ನಂಬರಿಗೆ ಕಟ್ಟಿ. ಏಜೆಂಟನ ಯುಪಿಐಗೆ ಹೋದ ದುಡ್ಡು ನಿಮ್ಮ ಸಾಲಕ್ಕೆ ಸೇರುತ್ತದೆಂಬ ಖಾತ್ರಿಯಿಲ್ಲ. ಕಂತು ಒಂದು ದಿನ ತಡವಾದರೂ ಆಫರ್ ಬೀಳಬಹುದು, ಆಗ ಕಟ್ಟಿದ್ದೆಲ್ಲ ಹಳೆಯ ಬಾಕಿಗೆ ಜಮೆ. ಕೊನೆಯ ಕಂತಿಗೆ 30 ಸಾವಿರ ಸಾಲದೆ ಬಂದಾಗ ಬ್ಯಾಂಕಿನಲ್ಲಿ ಬಳೆ ಅಡವಿಟ್ಟಿದ್ದು ಅದಕ್ಕೇ. ವರ್ಷಕ್ಕೆ ಶೇ. 10ರ ಹತ್ತಿರದ ಬಡ್ಡಿ, ಕಾರ್ಡಿನ ಮುಂದೆ ಏನೂ ಅಲ್ಲ.

ಮುಂಗಡ ದಿನಾಂಕದ ಚೆಕ್ ಕೇಳಿದರೆ ಕೊಡಬೇಡಿ. ಕಾರ್ಡ್ ಬಾಕಿ ಸಿವಿಲ್ ವಿಷಯ, ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಕ್ರಿಮಿನಲ್ ಕೇಸು. ಖಾತೆಯಿಂದ ತಾನಾಗಿ ಕತ್ತರಿಸುವ ಮ್ಯಾಂಡೇಟ್ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯಡಿ ಹಾಗೆಯೇ. ಲೋಕ ಅದಾಲತ್‌ನ ನೋಟಿಸ್ ಬಂದರೆ ಹೆದರಬೇಕಿಲ್ಲ, ಅದು ವಾರಂಟ್ ಅಲ್ಲ. ಆದರೆ ಅಲ್ಲಿ ಸಹಿ ಹಾಕಿದ ರಾಜಿಗೆ ಮೇಲ್ಮನವಿ ಇಲ್ಲ, ಕಟ್ಟಬಲ್ಲ ಅಂಕಿಗೆ ಮಾತ್ರ ಸಹಿ ಹಾಕಿ.

ವಸೂಲಿ ಕರೆಗಳು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಬರುವಂತಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ನಂಬರ್ ಬರೆದಿಟ್ಟು, ಸ್ಕ್ರೀನ್‌ಶಾಟ್ ಜೊತೆ ನೋಡಲ್ ಅಧಿಕಾರಿಗೆ ಕಳಿಸಿದ ಮೇಲೆ ಹೊತ್ತಲ್ಲದ ಹೊತ್ತಿನ ಕರೆ ನಿಂತವು. ಅಕ್ಕಪಕ್ಕದ ಮನೆಯವರಿಗೆ, ನೆಂಟರಿಗೆ ಕರೆ ಹೋದರೆ ಅದನ್ನೂ ಬರೆಯಿರಿ, ಬೈದು ಜಗಳಕ್ಕೆ ನಿಲ್ಲಬೇಡಿ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು, ಶುಲ್ಕವಿಲ್ಲ.

ಸೆಟಲ್‌ಮೆಂಟ್‌ಗೆ ಬೆಲೆ ಇದ್ದೇ ಇದೆ. ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬರುತ್ತದೆ, ಮನೆ ಸಾಲಕ್ಕೆ ಹೋದಾಗ ಅದನ್ನು ಕೇಳಿಯೇ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವುದಿಲ್ಲ. ಕೊನೆಯ ಕಂತಿನ ನಂತರ ನೋ ಡ್ಯೂ (ಬಾಕಿ ಇಲ್ಲವೆಂಬ) ಪತ್ರ ತೆಗೆದುಕೊಂಡು, ಒಂದೆರಡು ತಿಂಗಳು ಬಿಟ್ಟು ವರದಿ ತೆರೆಯಿರಿ, ವರ್ಷಕ್ಕೊಮ್ಮೆ ಉಚಿತ. ಬಾಕಿ ಸೊನ್ನೆ ಎಂದು ಬಂದಿರದಿದ್ದರೆ ಆ ಪತ್ರ ಲಗತ್ತಿಸಿ ತಕರಾರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು, ಕೇಳಿ ಪಡೆಯಿರಿ.