ಬ್ಲಾಕರ್ ಸತ್ತರೆ ದಾರಿ ಖಾಲಿ ಆಗುವುದಿಲ್ಲ
ಮಣಿಪಾಲದಲ್ಲಿ ನಾವು ಭಾನುವಾರ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುವಾಗ ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ ಮಾರಾಯ್ರೆ. ನಿಮ್ಮ ಕ್ರೀಚರ್ (ಜೀವಿಯ ಕಾರ್ಡ್) ಅಟ್ಯಾಕ್ ಮಾಡಿತು, ಎದುರಿನವರು ತಮ್ಮದೊಂದು ಕ್ರೀಚರ್ ಅಡ್ಡ ಇಟ್ಟು ಬ್ಲಾಕ್ ಮಾಡಿದರು, ನೀವು ಸ್ಪೆಲ್ (ಮಂತ್ರದ ಕಾರ್ಡ್) ಹಾಕಿ ಆ ಬ್ಲಾಕರನ್ನು ಕೊಂದಿರಿ ಅಂತ ಇಟ್ಟುಕೊಳ್ಳಿ. ಇನ್ನು ಡ್ಯಾಮೇಜ್ ನೇರ ಅವರಿಗೇ ಅಂತ ಅನಿಸುತ್ತದೆ ಅಲ್ವಾ? ಇಲ್ಲ. ಒಮ್ಮೆ ಬ್ಲಾಕ್ ಆದದ್ದು ಆ ಕಾಂಬ್ಯಾಟ್ ಮುಗಿಯುವ ತನಕ ಬ್ಲಾಕ್ ಆದ ಹಾಗೇ, ದಾರಿ ಬಿಡಿಸಲು ಹಾಕಿದ ಸ್ಪೆಲ್ ಸುಮ್ನೆ ಖರ್ಚಾಗುತ್ತದೆ. ನಿಮ್ಮ ಕ್ರೀಚರಿಗೆ ಟ್ರ್ಯಾಂಪಲ್ (ಬ್ಲಾಕರನ್ನು ಕೊಂದು ಮಿಕ್ಕ ಡ್ಯಾಮೇಜ್ ಎದುರಿನವರಿಗೆ ತಲುಪಿಸುವ ಶಕ್ತಿ) ಇದ್ದರೆ ಮಾತ್ರ ಡ್ಯಾಮೇಜ್ ಪೂರ್ತಿ ಅವರಿಗೆ ಹೋಗುತ್ತದೆ. ಹಾಗಾಗಿ ದಾರಿ ಬೇಕಿದ್ದರೆ ಅವರು ಬ್ಲಾಕರ್ ಹೇಳುವ ಮೊದಲೇ ಕೊಲ್ಲಿ. ನನ್ನ ಪ್ರಕಾರ ಅಟ್ಯಾಕ್ ಹೇಳುವ ಮೊದಲೇ ಕೊಂದರೆ ಇನ್ನೂ ಒಳ್ಳೆಯದು, ಎದುರಿಗೆ ಏನು ಉಳಿದಿದೆ ನೋಡಿ ಯಾವುದನ್ನು ಕಳಿಸುವುದು ಅಂತ ಯೋಚಿಸಬಹುದು. ಮತ್ತೆ, ಟ್ಯಾಪ್ ಆದ (ಬಳಸಿ ಅಡ್ಡ ತಿರುಗಿಸಿಟ್ಟ) ಕ್ರೀಚರ್ ಬ್ಲಾಕ್ ಮಾಡುವಂತಿಲ್ಲ.