21ನೇ ವಾಕ್ಯ ಎಲ್ಲಿ ಹೋಯಿತು? ಎರಡು ಬೈಬಲ್ ತಾಳೆ ನೋಡುವ ಬಗೆ

"ಭಾವಾ, 20 ಆದ್ಮೇಲೆ 22 ಬಂದಿದೆ. ನಡುವಿಂದು ಯಾರು ಕದ್ದರು?"

ಕೋಡಿಬಾಗದ ನಮ್ಮ ಮನೆ ಜಗಲಿಯಲ್ಲಿ ಕೂತು ನಾದಿನಿ ಕೇಳಿದಳು. ಕೈಯಲ್ಲಿ ಮಗಳ ಮೊಬೈಲ್, ಅದರಲ್ಲಿ ಎನ್‌ಐವಿ ಎಂಬ ಇಂಗ್ಲಿಷ್ ಬೈಬಲ್, ಮತ್ತಾಯ 17ನೇ ಅಧ್ಯಾಯ. ಕಂಕುಳಲ್ಲಿ ಅವಳ ಹಳೆಯ ಸತ್ಯವೇದ, ಅಂದರೆ ಕನ್ನಡ ಬೈಬಲ್. ಹೊಸ ಬೈಬಲ್‌ಗಳಲ್ಲಿ ದೇವರ ವಾಕ್ಯ ಕಿತ್ತು ಹಾಕಿದ್ದಾರೆ ಎಂದು ಯಾರೋ ಅವಳಿಗೆ ಉದ್ದನೆಯ ಪಟ್ಟಿ ಕಳಿಸಿದ್ದರು.

ನಾನು ಪಾದ್ರಿಯಲ್ಲ. ಗ್ರೀಕ್ ಒಂದಕ್ಷರ ಬಾರದು. ಕಾರವಾರದಲ್ಲಿ 31 ವರ್ಷ ಪತ್ರ ಬರಹಗಾರನಾಗಿ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದವನು. ಅಸಲಿಗೆ ನಕಲು, ಆ ನಕಲಿಗೆ ಮತ್ತೊಂದು ನಕಲು ತೆಗೆದಾಗ ಏನೇನಾಗುತ್ತದೆ ಎಂದು ಮಾತ್ರ ಚೆನ್ನಾಗಿ ಗೊತ್ತು. ಈ ಜಗಳಕ್ಕೆ ಅಷ್ಟು ಸಾಕಾಗುತ್ತದೆ.

ಮೊದಲು ಆ ಪಟ್ಟಿ ಬದಿಗಿಡಿ. ಒಂದೇ ವಾಕ್ಯ ಹಿಡಿಯಿರಿ. ಎರಡೂ ಬೈಬಲ್ ಮೇಜಿನ ಮೇಲೆ ಬಿಡಿಸಿ, ಪುಟದ ಕೆಳಗೆ ನೋಡಿ. ಮೊಬೈಲ್‌ನಲ್ಲಾದರೆ ಪುಟ್ಟ ಅಕ್ಷರದ ಗುರುತು ಒತ್ತಬೇಕು. ನಾದಿನಿ ಒತ್ತಿದಳು. ಕೆಲವು ಕೈಬರಹದ ಪ್ರತಿಗಳಲ್ಲಿ ಇಲ್ಲಿ ಮಾರ್ಕ 9:29ರಂಥ ಮಾತು ಇದೆ ಎಂಬ ಟಿಪ್ಪಣಿ ಬಂತು. ಕದ್ದವನು ಚೀಟಿ ಬರೆದಿಟ್ಟು ಹೋಗುತ್ತಾನಾ? ಇಷ್ಟಕ್ಕೇ ಅವಳ ದನಿ ಅರ್ಧ ಇಳಿಯಿತು.

ಇನ್ನು ಆ ಮಾತು ಬೇರೆ ಕಡೆ ಇದೆಯಾ ಎಂದು ಹುಡುಕಿ. ಮಾರ್ಕ 9:29 ತೆಗೆದರೆ, ಈ ಜಾತಿಯ ದೆವ್ವ ಪ್ರಾರ್ಥನೆಯಿಂದಲ್ಲದೆ ಬಿಟ್ಟು ಹೋಗದು ಎಂಬ ಮಾತು ಅಲ್ಲೇ ಇದೆ. ಮತ್ತಾಯ 18:11 ಕಾಣದಿದ್ದರೆ ಲೂಕ 19:10 ನೋಡಿ. ಮಾರ್ಕ 9ರ 44 ಮತ್ತು 46 ಇಲ್ಲದಿದ್ದರೆ 48 ಓದಿ, ಅದೇ ಮಾತು. ನಕಲು ಬರೆಯುವವನಿಗೆ ಪಠ್ಯ ಬಾಯಿಪಾಠ ಇದ್ದರೆ ಹೀಗಾಗುತ್ತದೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳೂ ಯೇಸುವಿನ ಕಥೆಯೇ; ಒಂದನ್ನು ಬರೆಯುವಾಗ ಇನ್ನೊಂದರ ಸಾಲು ಕೈಗೆ ತಾನಾಗಿ ಬರುತ್ತದೆ. ನಾನೂ ಒಬ್ಬರ ಕ್ರಯಪತ್ರದಲ್ಲಿ ಹಿಂದಿನ ದಿನ ಬರೆದ ಇನ್ನೊಬ್ಬರ ಷರತ್ತು ಸೇರಿಸಿದ್ದುಂಟು.

ಬೇರೆಲ್ಲೂ ಇಲ್ಲದ ವಾಕ್ಯ ಸ್ವಲ್ಪ ಕಷ್ಟ. ಯೋಹಾನ 5:4 ತೆಗೆದುಕೊಳ್ಳಿ. ದೇವದೂತ ಇಳಿದು ಬಂದು ಕೊಳದ ನೀರು ಕದಡುತ್ತಿದ್ದ, ಮೊದಲು ಇಳಿದವನಿಗೆ ವಾಸಿಯಾಗುತ್ತಿತ್ತು ಎನ್ನುವ ಮಾತು. ಅತಿ ಹಳೆಯ ಕೈಬರಹದ ಪ್ರತಿಗಳಲ್ಲಿ ಇದಿಲ್ಲ. ಆದರೆ 7ನೇ ವಾಕ್ಯದಲ್ಲಿ ರೋಗಿ, ನೀರು ಕದಡಿದಾಗ ನನ್ನನ್ನು ಇಳಿಸುವವರಿಲ್ಲ ಅನ್ನುತ್ತಾನೆ. ನೀರು ಯಾಕೆ ಕದಡುತ್ತದೆ ಎಂದು ಓದುವವನಿಗೆ ಅನಿಸುತ್ತದೆ, ಅಲ್ವಾ? ಯಾರೋ ಅಂಚಿನಲ್ಲಿ ವಿವರಣೆ ಬರೆದಿರಬೇಕು, ಮುಂದಿನ ನಕಲುಗಾರ ಅದನ್ನೂ ಒಳಗೆ ತಂದ. ಹೆಚ್ಚಿನ ವಿದ್ವಾಂಸರು ಹೀಗೇ ನೋಡುತ್ತಾರೆ. ನನಗಂತೂ ನಂಬಲು ಕಷ್ಟವಾಗಲಿಲ್ಲ. ಹೊಸಬನಿದ್ದಾಗ ಒಂದು ಹಳೆ ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಬಾವಿಗೆ ದಾರಿ ಉಂಟು' ಎಂದಿದ್ದನ್ನು ಚಕ್ಕುಬಂದಿಯ ಜೊತೆಗೇ ಇಳಿಸಿಬಿಟ್ಟಿದ್ದೆ. ಪಕ್ಕದ ಜಾಗದವರು ಮನೆಗೇ ಬಂದರು.

ಹಾಗಾದರೆ ನಂಬರ್ ಯಾಕೆ ಹಾರಿತು? ನಾದಿನಿಗೆ ಜಾಸ್ತಿ ಆಶ್ಚರ್ಯವಾದದ್ದು ಇದಕ್ಕೇ. ಬೈಬಲ್‌ನ ಎರಡನೇ ಭಾಗವಾದ, ಮೂಲ ಗ್ರೀಕ್‌ನಲ್ಲಿರುವ ಹೊಸ ಒಡಂಬಡಿಕೆಗೆ ಈಗಿನ ವಾಕ್ಯದ ನಂಬರ್ ಹಾಕಿದ್ದು 1551ರಲ್ಲಿ, ರೊಬೇರ್ ಎಸ್ತಿಯೆನ್ ಎಂಬ ಮುದ್ರಕ. ಅವನ ಕೈಯಲ್ಲಿದ್ದ ಗ್ರೀಕ್ ಪಠ್ಯದಲ್ಲಿ ಆ ಸಾಲುಗಳಿದ್ದವು, ಅವಕ್ಕೂ ನಂಬರ್ ಬಿತ್ತು. ಸಾಲು ಟಿಪ್ಪಣಿಗೆ ಇಳಿದರೂ ಹೊಸಬರು ಉಳಿದ ನಂಬರ್ ಬದಲಿಸಲಿಲ್ಲ. ಅದಕ್ಕೂ ಮೊದಲು, 1516ರಲ್ಲಿ, ಎರಾಸ್ಮಸ್ ಎಂಬ ವಿದ್ವಾಂಸ ಆ ಗ್ರೀಕ್ ಪಠ್ಯ ಅಚ್ಚು ಹಾಕಿಸಿದಾಗ ಅವನ ಬಳಿ ಇದ್ದದ್ದು ಬೆರಳೆಣಿಕೆಯ ಪ್ರತಿಗಳು. ಬೈಬಲ್ ಮುಗಿಯುವ ಪ್ರಕಟಣೆ ಪುಸ್ತಕದ ಕೊನೆಯ ಕೆಲವು ವಾಕ್ಯ ಸಿಗದೆ ಲ್ಯಾಟಿನ್‌ನಿಂದ ಗ್ರೀಕ್‌ಗೆ ತಿರುಗಿಸಿಕೊಂಡ. 1611ರ ಕಿಂಗ್ ಜೇಮ್ಸ್ ಎಂಬ ಇಂಗ್ಲಿಷ್ ಬೈಬಲ್ ಈ ಪರಂಪರೆಯ ಗ್ರೀಕ್ ಪಠ್ಯದಿಂದಲೇ ಬಂದದ್ದು. ಸೀನಾಯ್ ಬೆಟ್ಟದ ಮಠದಲ್ಲಿದ್ದ 4ನೇ ಶತಮಾನದ ಪ್ರತಿ ವಿದ್ವಾಂಸರ ಕೈಗೆ ಬಂದದ್ದು 19ನೇ ಶತಮಾನದಲ್ಲಿ. ಹಳೆ ಅನುವಾದಕರ ತಪ್ಪೇನಿಲ್ಲ, ಅವರಿಗೆ ಸಿಕ್ಕಿದ ನಕಲು ಅದು.

ಬಹುಪಾಲು ಪ್ರತಿಗಳಲ್ಲಿ ಆ ವಾಕ್ಯಗಳು ಇವೆಯಲ್ಲ ಎಂದು ವಾದಿಸುವವರಿದ್ದಾರೆ. ಒಂದೇ ನಕಲಿನಿಂದ ಹತ್ತು ಝೆರಾಕ್ಸ್ ತೆಗೆದರೆ ಹತ್ತು ಸಾಕ್ಷಿಯಾಗುವುದಿಲ್ಲ. ಹಾಗಂತ ಹಳೆಯ ಕಾಗದವೆಲ್ಲ ಸರಿ ಅಂತಲೂ ಅಲ್ಲ. ಹಳೆಯ ನಕಲುಗಾರನೂ ಸಾಲು ಬಿಡುತ್ತಾನೆ. ಅದಕ್ಕೇ ಟಿಪ್ಪಣಿ ಇಲ್ಲದ ಬೈಬಲ್ ಹಳೆಯದಿರಲಿ ಹೊಸದಿರಲಿ, ತಾಳೆ ನೋಡಲು ನಾನು ಇಟ್ಟುಕೊಳ್ಳುವುದಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ, ಆ ಪಟ್ಟಿ ಕಳಿಸುವವರು ಅದನ್ನು ಎತ್ತುವುದೇ ಕಡಿಮೆ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆಗೆಯಿರಿ. ಗ್ರೀಕ್‌ನಲ್ಲಿ ಸಾರ್ಕ್ಸ್, ಅಂದರೆ ಮಾಂಸ, ಶರೀರ. 1978ರ ಎನ್‌ಐವಿ ಅದನ್ನು 'ಪಾಪ ಸ್ವಭಾವ' ಎಂದು ಬಿಡಿಸಿ ಹೇಳಿತು. 2011ರ ಪರಿಷ್ಕರಣೆಯಲ್ಲಿ ಹೆಚ್ಚಿನ ಕಡೆ ಮತ್ತೆ ಶರೀರಕ್ಕೇ ಮರಳಿದರು. ಓದುವವನು ಯೋಚಿಸಬೇಕಾದ್ದನ್ನು ಅನುವಾದಕನೇ ಯೋಚಿಸಿ ಕೊಟ್ಟರೆ ನನಗೆ ಇಷ್ಟವಾಗುವುದಿಲ್ಲ. ನಿಮ್ಮ ಕನ್ನಡ ಪ್ರತಿಯಲ್ಲಿ ಅಲ್ಲಿ ಯಾವ ಪದ ಇದೆ ನೋಡಿ, ಅನುವಾದಕರು ಎಷ್ಟು ಸಡಿಲ ಎಂದು ಗೊತ್ತಾಗುತ್ತದೆ.

ಹಾಗೇ ದೇವರಿಗೆ ಏಕವಚನವೋ ಬಹುವಚನವೋ ಎಂಬ ಜಗಳ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಸತ್ಯವೇದದಲ್ಲಿ 'ನಿನ್ನ ನಾಮವು' ಅನ್ನುತ್ತದೆ, ನಮ್ಮ ಕ್ಯಾಥೋಲಿಕ್ ಇಗರ್ಜಿಯಲ್ಲಿ 'ನಿಮ್ಮ ನಾಮ'. ಗ್ರೀಕ್‌ನಲ್ಲಿರುವುದು ಏಕವಚನ, ಆದರೆ ಆ ಭಾಷೆಯಲ್ಲಿ ಒಬ್ಬರಿಗೇ ಗೌರವದ ಬಹುವಚನ ಎಂಬುದೇ ಇರಲಿಲ್ಲ. ಅದು ಕನ್ನಡದವರ ಆಯ್ಕೆ. ಇದಕ್ಕೆ ಸುಮ್ನೆ ಹೊಡೆದಾಡಬೇಡಿ.

ಆ ಸಂಜೆ ಊಟಕ್ಕೆ ಮೊದಲು ಕರ್ತನ ಪ್ರಾರ್ಥನೆ ಹೇಳಿದೆವು. ನಾನು 'ಕೇಡಿನಿಂದ ರಕ್ಷಿಸಿ' ಎಂಬಲ್ಲಿ ನಿಲ್ಲಿಸಿದೆ. ಅವಳು ರಾಜ್ಯವೂ ಬಲವೂ ಮಹಿಮೆಯೂ ಎಂದು ಮುಂದುವರಿಸಿದಳು. ಆಮೇಲೆ ತಾನೇ ತಡೆದು, "ಇದೂ ಅಂಚಿನದ್ದಾ ಭಾವಾ?" ಎಂದಳು. ಮತ್ತಾಯ 6:13ರ ಕೆಳಗಿನ ಟಿಪ್ಪಣಿ ತೋರಿಸಿದೆ. ಅತಿ ಹಳೆಯ ಪ್ರತಿಗಳಲ್ಲಿ ಆ ಸಾಲಿಲ್ಲ. "ಆದ್ರೂ ನಾನು ಹೇಳ್ತೇನೆ," ಅಂದಳು. ಹೇಳಲಿ, ನಮ್ಮ ಪೂಜೆಯಲ್ಲೂ ಸ್ವಲ್ಪ ಹೊತ್ತಿನ ಮೇಲೆ ಆ ಮಾತು ಬಂದೇ ಬರುತ್ತದೆ.

ತಾಳೆ ನೋಡಿದ್ದನ್ನು ಬೇರೆ ನೋಟ್ ಪುಸ್ತಕದಲ್ಲಿ ಬರೆದಿಡಿ. ಬೈಬಲ್‌ನ ಅಂಚಿನಲ್ಲಿ ಮಾತ್ರ ಬರೆಯಬೇಡಿ. ನಾದಿನಿ ಬರೆಯಲು ಆಗಲೇ ಪೆನ್ ತೆಗೆದಿದ್ದಳು, ಕಸಿದುಕೊಂಡೆ.