ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಮೇಜು: ಮೂರು ಪ್ರಾರ್ಥನಾ ಮಂದಿರ, ಒಂದು ಮತದಾರರ ಪಟ್ಟಿ

ಬೆಂಗಳೂರಿನ ಗಾರ್ಮೆಂಟ್ಸ್ ಮತ್ತು ಗಾರೆ ಕೆಲಸದವರ ಬಡಾವಣೆ. ಒಂದು ಚರ್ಚು, ಒಂದು ಮಸೀದಿ, ಒಂದು ಮಾರಮ್ಮನ ಗುಡಿ. ಮೂರೂ ಕಡೆ ಸೇರಿಸಿ ಕೂಲಿ ಕುಟುಂಬಗಳನ್ನು ಮತದಾರರ ಪಟ್ಟಿಗೆ ತರುತ್ತೇವೆ ಎಂದು ನಮ್ಮ ತಂಡ ಹೇಳಿದಾಗ ಎರಡು ಮಾತು ಕೇಳಿಬಂದವು. ಮಂದಿರದ ಹಿರಿಯರು ‘ದೇವರ ಹತ್ತಿರ ರಾಜಕೀಯ ಬೇಡ’ ಎಂದರು. ಇದೇ ಕೆಲಸ ಮಾಡುವ ಗೆಳೆಯರು ‘ಇವರೆಲ್ಲ ಊರಿಗೆ ಹೋಗಿಯೇ ಓಟು ಹಾಕೋದು, ಸುಮ್ಮನೆ ದುಡ್ಡು ಕಳೀಬೇಡಿ’ ಎಂದರು. 2023ರ ವಿಧಾನಸಭೆ ಚುನಾವಣೆಯಲ್ಲಿ ಗೆಳೆಯರ ಮಾತೇ ನಿಜವಾಯಿತು. 2024ರ ಲೋಕಸಭೆಗೆ ನಮ್ಮದು ನಿಜವಾಯಿತು. ನೆನಪಿನ ಲೆಕ್ಕ ಹೇಳುವುದಾದರೆ, ಮೊದಲ ಸಲ ಸುಮಾರು 300 ಅರ್ಜಿಗೆ ಪಟ್ಟಿ ಸೇರಿದ್ದು 90ರ ಆಸುಪಾಸು. ಎರಡನೇ ಸಲ 420ಕ್ಕೆ 340ರ ಮೇಲೆ. ಈ ಅನುಪಾತ ನಮ್ಮ ಸುತ್ತಲಿನ ಬೇರೆ ಯಾವ ತಂಡಕ್ಕೂ ಬಂದಿಲ್ಲ.

2023ರಲ್ಲಿ ಕೆಟ್ಟಿದ್ದೆಲ್ಲಿ? ಪ್ರಕಟಣೆಯನ್ನು ನಂಬಿದ್ದೇ ತಪ್ಪು. ಪೂಜೆಯ ಕೊನೆಗೆ ಫಾದರ್ ಹೇಳಿದರು, ಶುಕ್ರವಾರ ಮಧ್ಯಾಹ್ನದ ಜುಮ್ಮಾ ನಮಾಜು ಮುಗಿದ ಮೇಲೆ ಇಮಾಮರು ಹೇಳಿದರು, ಗುಡಿಯ ಮೈಕಿನಲ್ಲೂ ಹೇಳಿಸಿದ್ದಾಯಿತು. ತಲೆ ಆಡಿಸಿದವರು ನೂರಾರು, ಮನೆಗೆ ಹೋಗಿ ಅರ್ಜಿ ತುಂಬಿದವರು ಯಾರೂ ಇಲ್ಲ. ಆಮೇಲೆ ಮನೆಮನೆಗೆ ಹೋಗಿ ಹೊಸದಾಗಿ ಹೆಸರು ಸೇರಿಸುವ ಫಾರಂ 6 ತುಂಬಿಸಿ, ಕಟ್ಟು ಕಟ್ಟಿ ಚುನಾವಣಾ ಶಾಖೆಗೆ ಒಯ್ದರೆ ವಾಪಸ್ ಕಳಿಸಿದರು. ಒಬ್ಬರೇ ರಾಶಿ ಅರ್ಜಿ ತಂದರೆ ತೆಗೆದುಕೊಳ್ಳುವುದಿಲ್ಲ. ಒಂದೇ ಮನೆಯವರದ್ದಾದರೆ ಒಟ್ಟಿಗೆ ಕೊಡಬಹುದು. ನಿಯಮ ಸರಿಯಾಗಿಯೇ ಇದೆ, ನಾವು ಓದಿರಲಿಲ್ಲ. ಒಂದೊಂದಾಗಿ ಮತ್ತೆ ಆನ್‌ಲೈನ್ ಹಾಕುವಷ್ಟರಲ್ಲಿ ಹಲವರಿಗೆ ದಿನ ಮೀರಿತ್ತು.

ದಿನದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ನಾಮಪತ್ರದ ಕೊನೇ ದಿನದವರೆಗೂ ಹೆಸರು ಸೇರಿಸಬಹುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅರ್ಜಿಯನ್ನು ಆಕ್ಷೇಪಣೆಗಾಗಿ ಏಳು ದಿನ ಪ್ರಕಟಿಸಿಡಬೇಕಾದ್ದರಿಂದ, ಸುಮಾರು ಹತ್ತು ದಿನ ಮೊದಲೇ ಹಾಕಿದ್ದು ಮಾತ್ರ ದಡ ಸೇರುತ್ತದೆ. 2024ರ ಏಪ್ರಿಲ್ 26ರ ಮತದಾನಕ್ಕೆ ನಾಮಪತ್ರದ ಕೊನೇ ದಿನ ಏಪ್ರಿಲ್ 4. ಹಾಗಾಗಿ ನಮ್ಮ ಗಡುವು ಮಾರ್ಚ್ 25ಕ್ಕಿಂತ ಈಚೆಗೆ ಬರುವಂತಿರಲಿಲ್ಲ. ಆ ಹೊತ್ತಿಗೆ ಈಸ್ಟರ್‌ಗೆ ಮುಂಚಿನ ಕ್ರೈಸ್ತರ ತಪಸ್ಸು ಕಾಲ ನಡೆದಿತ್ತು, ರಂಜಾನ್ ಶುರುವಾಗಿತ್ತು. ಎರಡೂ ಕಡೆ ಜನ ಹೆಚ್ಚು, ಬಂದವರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಹೆಸರು ಸೇರಿಸುವ ಮೇಜು ಹಾಕಿದ್ದು ಚರ್ಚಿನಲ್ಲಿ ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆ ಮುಗಿದ ಮೇಲೆ ಒಂದು ಗಂಟೆ ಹೊತ್ತು, ಮಸೀದಿಯಲ್ಲಿ ರಂಜಾನಿನ ರಾತ್ರಿ ನಮಾಜಾದ ತರಾವೀಹ್ ಮುಗಿದ ಮೇಲೆ ಒಂದು ಗಂಟೆ ಹೊತ್ತು, ಗುಡಿಯಲ್ಲಿ ಮಂಗಳವಾರ ಸಂಜೆ. ಜುಮ್ಮಾ ಹೊತ್ತಿನಲ್ಲಿ ಮೇಜು ಹಾಕಬೇಡಿ, ಎಲ್ಲರೂ ಕೆಲಸಕ್ಕೆ ಓಡುತ್ತಿರುತ್ತಾರೆ.

ಮೇಜು ಕಾಂಪೌಂಡಿನ ಒಳಗೆ ಬೇಡ, ಗೇಟಿನ ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಇರಲಿ. ಅಲ್ಲಿ ಪ್ರತಿಯೊಬ್ಬರೂ ಅರೆಗಳಿಗೆ ನಿಂತೇ ನಿಲ್ಲುತ್ತಾರೆ ಎಂಬುದು ಒಂದು ಕಾರಣ. ಕಾನೂನು ಇನ್ನೊಂದು. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕಾಯ್ದೆ ತಡೆಯುತ್ತದೆ. ಧರ್ಮದ ಹೆಸರಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ರಲ್ಲಿ ಭ್ರಷ್ಟ ಆಚರಣೆ. ಅದು ಮತದಾರರ ಧರ್ಮಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ ಹೇಳಿದೆ. ಹೆಸರು ಸೇರಿಸುವುದು ಪ್ರಚಾರ ಅಲ್ಲ, ನಿಜ. ಆದರೂ ಯಾವ ಪಕ್ಷದ ಶಾಲು ಹಾಕಿದವರನ್ನೂ ಮೇಜಿನ ಹತ್ತಿರ ನಿಲ್ಲಗೊಡಲಿಲ್ಲ. ‘ಯಾರಿಗೆ ಹಾಕೋಣ’ ಎಂದು ಕೇಳಿದವರಿಗೆ ಒಂದೇ ಉತ್ತರ: ಅದು ನಿಮ್ಮದು. ಹಿರಿಯರ ಭಯ ಹೋಗಿದ್ದೂ ಇದರಿಂದಲೇ.

ಮೇಜಿನ ಮೇಲೆ ಬಡಾವಣೆಯ ಮತದಾರರ ಪಟ್ಟಿಯ ಭಾಗಗಳ (ಒಂದೊಂದು ಮತಗಟ್ಟೆಗೆ ಒಂದೊಂದು ಭಾಗ) ಪ್ರಿಂಟ್ ಇರಲೇಬೇಕು. ಪುಟಕ್ಕೆ 30 ಹೆಸರು, 1200 ಮತದಾರರ ಒಂದು ಭಾಗ ಎಂದರೆ 40 ಪುಟ. ಫೋನಿನಲ್ಲಿ ಹುಡುಕುವುದಕ್ಕಿಂತ ಇದು ಬೇಗ. ತಮ್ಮ ಓಣಿಯ ಪುಟ ತೆರೆದು ಪಕ್ಕದ ಮನೆಯವರ ಹೆಸರಿದೆ, ತಮ್ಮದಿಲ್ಲ ಎಂದು ಕಣ್ಣಾರೆ ಕಂಡ ಹೆಂಗಸು ಅಲ್ಲಿಂದ ಕದಲುವುದಿಲ್ಲ. ನೂರು ಪ್ರಕಟಣೆ ಮಾಡದ ಕೆಲಸವನ್ನು ಆ ಪುಟ ಮಾಡಿತು.

ಮೊದಲ ಪ್ರಶ್ನೆ ‘ಊರಲ್ಲಿ ಓಟಿದೆಯಾ?’ ಎಂದೇ ಆಗಬೇಕು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಗಾರೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇರುತ್ತದೆ. ಅಂಥವರಿಗೆ ಫಾರಂ 6 ತುಂಬಿದರೆ ಎರಡು ಕಡೆ ಹೆಸರಾಗುತ್ತದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸಜೆ ಇದೆ, ಸಿಕ್ಕಿಬೀಳುವುದು ಬಡವರೇ. ಅವರಿಗೆ ಬೇಕಾದ್ದು ಫಾರಂ 8, ಅದರಲ್ಲಿ ವಾಸಸ್ಥಳ ಬದಲಾವಣೆಯ ಟಿಕ್. ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರ್ ಹಳೆಯದೇ ಉಳಿಯುತ್ತದೆ. ಊರಿನ ಓಟು ಬಿಡಲಾರೆ ಎಂದವರನ್ನು ಒತ್ತಾಯಿಸಲಿಲ್ಲ. ಪಂಚಾಯಿತಿ, ಹೊಲದ ತಗಾದೆ ಎಲ್ಲ ಅಲ್ಲಿರುತ್ತದೆ. 17 ತುಂಬಿದ ಮಕ್ಕಳ ಅರ್ಜಿಯನ್ನು ಅಲ್ಲೇ ಹಾಕಿಬಿಡಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಎಂದು, 18 ತುಂಬಿದೆಯೇ ಎಂದು ನೋಡುವ ನಾಲ್ಕು ಅರ್ಹತಾ ದಿನಗಳು ವರ್ಷಕ್ಕಿವೆ.

ಬಾಡಿಗೆ ಕರಾರು ಯಾರ ಬಳಿಯೂ ಇರುವುದಿಲ್ಲ. ಆಧಾರ್ ಅಥವಾ ಪಾಸ್‌ಬುಕ್ಕಿನಲ್ಲಿ ಈಗಿನ ವಿಳಾಸವಿದ್ದರೆ ಸಾಕು. ಯಾವ ದಾಖಲೆಯೂ ಇಲ್ಲದಿದ್ದರೂ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಸ್ಥಳಕ್ಕೆ ಬಂದು ಪರಿಶೀಲಿಸುವ ದಾರಿ ಇದೆ. ಸೂರಿಲ್ಲದವರಿಗೂ ಇದೆ, ಅವರು ಮಲಗುವ ಜಾಗಕ್ಕೆ ರಾತ್ರಿ ಹೊತ್ತು ಬಂದು ನೋಡಬೇಕು.

ಕನ್ನಡದ ಕಾಲಂ ಮೇಲೆ ಕಣ್ಣಿಡಿ. ಇಂಗ್ಲಿಷಿನಲ್ಲಿ ಮೇರಿ ಎಂದು ಟೈಪ್ ಮಾಡಿದರೆ ಕನ್ನಡದಲ್ಲಿ ತಾನಾಗಿ ‘ಮಾರಿ’ ಎಂದು ಬಂದು ಕೂರುತ್ತದೆ. ಫಾತಿಮಾ ‘ಫತಿಮ’ ಆಗುತ್ತಾಳೆ. 2023ರಲ್ಲಿ ಇಂಥ ಹತ್ತಾರು ಹೆಸರು ಕೆಟ್ಟು, ತಿದ್ದುಪಡಿಗೆ ಮತ್ತೆ ಫಾರಂ 8 ಹಾಕಬೇಕಾಯಿತು. ಈಗ ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಕನ್ನಡ ಸಾಲನ್ನು ಅರ್ಜಿದಾರರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ, ಆಮೇಲಷ್ಟೇ ಸಲ್ಲಿಕೆ. ಅರ್ಜಿ ಅವರ ಮನೆಯ ಫೋನಿನಿಂದಲೇ ಹೋಗಬೇಕು. ನಮ್ಮ ನಂಬರಿನಿಂದ ಹೋದರೆ ಅರ್ಜಿ ಸಂಖ್ಯೆಯ ಮೆಸೇಜ್ ನಮಗೆ ಬಂದು, ಅವರಿಗೆ ಗೊತ್ತೇ ಆಗುವುದಿಲ್ಲ.

ಆಧಾರಿನ ಜೆರಾಕ್ಸ್ ಒಂದನ್ನೂ ಇಟ್ಟುಕೊಳ್ಳಬಾರದು. 2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಕಳವಿನ ಪ್ರಕರಣ ಹೊರಬಿದ್ದ ಮೇಲೆ ಜನಕ್ಕೆ ಅಂಜಿಕೆ ಇದೆ, ಅದು ನ್ಯಾಯವೂ ಹೌದು. ಕಾರ್ಡನ್ನು ಅವರೇ ಹಿಡಿದುಕೊಳ್ಳುತ್ತಾರೆ, ಅವರ ಫೋನಿನಲ್ಲೇ ಫೋಟೋ ತೆಗೆಯುತ್ತೇವೆ. ನಮ್ಮ ಪುಸ್ತಕದಲ್ಲಿ ಉಳಿಯುವುದು ಹೆಸರು, ಅರ್ಜಿ ಸಂಖ್ಯೆ, ಓಣಿ ಮಾತ್ರ.

ನಿಜವಾದ ಕೆಲಸ ಎರಡನೇ ವಾರದ್ದು, ಹೆಚ್ಚಿನವರು ಕೈಬಿಡುವುದೂ ಅಲ್ಲಿಯೇ. ಬಿಎಲ್‌ಒ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ, ಆಗ ಗಂಡ ಸೈಟಿನಲ್ಲಿ, ಹೆಂಡತಿ ಗಾರ್ಮೆಂಟ್ಸಿನಲ್ಲಿ. ವಠಾರದಲ್ಲಿ ಹನ್ನೆರಡು ಮನೆಗೆ ಒಂದೇ ಡೋರ್ ನಂಬರ್. ಬೀಗ ನೋಡಿ ‘ವಾಸವಿಲ್ಲ’ ಎಂದು ಬರೆದು ಹೋದರೆ ಅರ್ಜಿ ತಿರಸ್ಕೃತ. 2023ರಲ್ಲಿ ನಮ್ಮ ಅರ್ಧದಷ್ಟು ಅರ್ಜಿ ಸತ್ತಿದ್ದು ಹೀಗೆ. ಅದಕ್ಕೆ ಮಾಡಿದ್ದು ಇಷ್ಟು: ಪ್ರತಿ ಮನೆಯ ಬಾಗಿಲಿಗೆ ಅಂಗೈ ಅಗಲದ ಚೀಟಿ, ಅದರಲ್ಲಿ ‘ಹಿಂದಿನಿಂದ ಮೂರನೇ ಮನೆ, ಸಂಜೆ 7ರ ಮೇಲೆ ಇರುತ್ತೇವೆ, ಹಗಲು ಮಾಲೀಕರನ್ನು ಕೇಳಿ’ ಎಂದು, ಕೆಳಗೆ ಅರ್ಜಿ ಸಂಖ್ಯೆ. ಮಾಲೀಕರಿಗೂ ಮೊದಲೇ ತಿಳಿಸಿಡಬೇಕು. ಬಾಡಿಗೆದಾರರ ಹೆಸರು ಪಟ್ಟಿಗೆ ಬಂದರೆ ಮನೆ ಕೈತಪ್ಪುತ್ತದೆ ಎಂಬ ಭಯ ಅವರದ್ದು. ಬಿಎಲ್‌ಒ ಆಗಿರುವ ಅಂಗನವಾಡಿ ಅಕ್ಕಂದಿರು, ಮೇಷ್ಟ್ರುಗಳು ಸಂಬಳದ ಕೆಲಸದ ಮೇಲೆ ಇದನ್ನೂ ಹೊರುತ್ತಾರೆ. ಓಣಿವಾರು ಪಟ್ಟಿ ಕೊಟ್ಟು ಜೊತೆಗೆ ನಡೆದರೆ ಒಂದು ಸಂಜೆಗೆ 40 ಮನೆ ಮುಗಿಯುತ್ತದೆ. ಯಾವ ಓಣಿಗೆ ಮೊದಲು ಹೋಗಬೇಕು ಎಂಬುದಕ್ಕೆ ನಮ್ಮದೇ ಒಂದು ಲೆಕ್ಕ ಇದೆ. ಅದನ್ನು ಬರೆದರೆ ಪಕ್ಷದವರೂ ಬಳಸುತ್ತಾರೆ, ಇಲ್ಲಿ ಬರೆಯುವುದಿಲ್ಲ.

ದುಡ್ಡು: 2023ರಲ್ಲಿ ಸುಮಾರು 38 ಸಾವಿರ ಹೋಯಿತು, ಹೆಚ್ಚಿನದು ಫ್ಲೆಕ್ಸ್, ಮೈಕು, ಕರಪತ್ರಕ್ಕೆ. 2024ರಲ್ಲಿ 14 ಸಾವಿರದ ಒಳಗೆ ಮುಗಿಯಿತು. ಪಟ್ಟಿಯ ಪ್ರಿಂಟು, ಚೀಟಿ, ಜೆರಾಕ್ಸ್ 3 ಸಾವಿರ. ಎರಡು ಪವರ್‌ಬ್ಯಾಂಕ್ ಮತ್ತು ಡೇಟಾ 3 ಸಾವಿರ. ಉಳಿದದ್ದು ಕೂತವರ ಚಹಾ, ರಾತ್ರಿ ಊಟ, ಸಭೆಯ ಹಾಲ್ ಬಾಡಿಗೆ. ಹುಂಡಿಯ ದುಡ್ಡು ಮುಟ್ಟಲಿಲ್ಲ, ಪಕ್ಷದವರ ಪೈಸೆಯನ್ನೂ ಮುಟ್ಟಲಿಲ್ಲ.

ವಯಸ್ಸಾದವರಿಗೆ ಆಟೋ ಮಾಡಿದ ಪ್ರಯೋಗ ಸೋತಿತು. ಅಭ್ಯರ್ಥಿಯ ಕಡೆಯವರು ಮತದಾರರನ್ನು ವಾಹನದಲ್ಲಿ ಒಯ್ಯುವುದು ಅಪರಾಧ, ನಮ್ಮದನ್ನೂ ಹಾಗೆಂದೇ ತಿಳಿದು ತಡೆದರು. ಈಗ 85 ದಾಟಿದವರಿಗೆ, ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮೊದಲೇ ಫಾರಂ 12ಡಿ ತುಂಬಿಸಿ ಮನೆಯಿಂದಲೇ ಮತ ಹಾಕಿಸುತ್ತೇವೆ. ಉಳಿದವರು ಓಣಿಯವರ ಜೊತೆ ನಡೆದು ಬರುತ್ತಾರೆ. ದಖನಿ, ತಮಿಳು, ತೆಲುಗಿನ ವಾಯ್ಸ್ ಮೆಸೇಜ್ ಮಾತ್ರ ಚೆನ್ನಾಗಿ ಓಡಿತು, 30 ಸೆಕೆಂಡ್ ದಾಟಬಾರದು.

ರಜೆಯ ಮಾತು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ದಿನಗೂಲಿಯವರಿಗೂ ಇದೆ. ತಪ್ಪಿದರೆ ಮಾಲೀಕರಿಗೆ ದಂಡ 500 ರೂಪಾಯಿವರೆಗೆ ಮಾತ್ರ, ಹಾಗಾಗಿ ಯಾರೂ ಹೆದರುವುದಿಲ್ಲ. ಮೇಸ್ತ್ರಿಗೆ ಕಾನೂನು ಹೇಳಿ ಪ್ರಯೋಜನವಾಗಲಿಲ್ಲ. ಮೂರೂ ಮಂದಿರದ ಮುಖ್ಯಸ್ಥರು ಸಹಿ ಹಾಕಿದ ಒಂದು ಪುಟದ ಪತ್ರವನ್ನು ವಾರ ಮೊದಲೇ ಕಂಟ್ರಾಕ್ಟರುಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ಮುಟ್ಟಿಸಿದಾಗ ಕೆಲಸವಾಯಿತು. ಪೂರ್ತಿ ರಜೆ ಕೊಡದವರೂ ಎರಡು ಗಂಟೆ ಬಿಟ್ಟರು. ಸಂಜೆ 6ಕ್ಕೆ ಸಾಲಿನಲ್ಲಿದ್ದರೆ ಟೋಕನ್ ಸಿಗುತ್ತದೆ, ಮನೆಗೆ ಬರುವ ಓಟರ್ ಸ್ಲಿಪ್ ಗುರುತಿನ ಚೀಟಿ ಆಗುವುದಿಲ್ಲ ಎಂಬ ಎರಡನ್ನು ಕೊನೇ ಭಾನುವಾರ ಮೂರು ಸಲ ಹೇಳಿ.

ಮೇಜಿಗೆ ಬಂದವರ ಕಷ್ಟಗಳನ್ನು ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕಿ ಎಣಿಸಿದೆವು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಬೇಕಾದ 90 ದಿನದ ಕೆಲಸದ ದೃಢೀಕರಣಕ್ಕೆ ಮೇಸ್ತ್ರಿ ಸಹಿ ಹಾಕುವುದಿಲ್ಲ ಎಂಬುದಕ್ಕೆ ಅತಿ ಹೆಚ್ಚು ಗೀಟು. ಅಂಗನವಾಡಿ ಮುಚ್ಚುವ ಹೊತ್ತಿಗೂ ಗಾರ್ಮೆಂಟ್ಸ್ ಬಿಡುವ ಹೊತ್ತಿಗೂ ತಾಳೆಯಿಲ್ಲ ಎಂಬುದು ಎರಡನೆಯದು. ಐದು ಪ್ರಶ್ನೆ ಮಾಡಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ ಕೊಟ್ಟು, ಉತ್ತರಗಳನ್ನು ಮಂದಿರದಲ್ಲಿ ಅಲ್ಲ, ಬಾಡಿಗೆಯ ಸಮುದಾಯ ಭವನದಲ್ಲಿ ಓದಿಸಿದೆವು. ಅಂಗನವಾಡಿಯ ಹೊತ್ತು ಇನ್ನೂ ಬದಲಾಗಿಲ್ಲ. ಕಾರ್ಡಿನ ವಿಷಯದಲ್ಲಿ, ಭಾನುವಾರ ನಮ್ಮದೇ ಮೇಜಿನ ಪಕ್ಕ ಶಿಬಿರ ನಡೆಸಿ, ಎರಡು ಭಾನುವಾರಕ್ಕೆ 60ರಷ್ಟು ಗಾರೆಯವರ ಅರ್ಜಿ ಮುಗಿಸಿದೆವು. ಆ ಮೇಜನ್ನು ಚುನಾವಣೆ ಮುಗಿದ ಮೇಲೂ ತೆಗೆದಿಲ್ಲ. ತಿಂಗಳ ಮೊದಲ ಭಾನುವಾರ ಚರ್ಚಿನ ಗೇಟಿನ ಬಳಿ, ಬೆಳಿಗ್ಗೆ ಎಂಟರಿಂದ ಹತ್ತು, ಈಗಲೂ ಹಾಕುತ್ತೇವೆ.